ಬೇಸಿಗೆಯಲ್ಲಿ ಉಡತಕ್ಕ ಅರಿವೆಗಳ ವಿಚಾರ

ಚಳಿಗಾಲದಲ್ಲಿ ಎಂಥ ಅರಿವೆಯನ್ನು ಹೊದೆಯಬೇಕೆಂಬದನ್ನು ಯಾರೂ ಯಾರಿಗೂ ಕಲಿಸಬೇಕಾಗುವದಿಲ್ಲ. ಮೈ ನಡುಗಿದ ಕೂಡಲೆ ಚಿಕ್ಕ ಕೂಸು ಸಹ ಕಂಬಳಿಯನ್ನು ತನ್ನ ಕಡೆಗೆ ಎಳೆದುಕೊಳ್ಳುವದು. ಬೇಸಿಗೆಯ ಮಾತು ಹಾಗಲ್ಲ. ತೆಳ್ಳಗಿರುವ ಅರಿವೆಯೆಲ್ಲ ತಂಪಾದದ್ದೆಂದೂ, ಮುಟ್ಟಿದರೆ ಕೈಗೆ ತಣ್ಣಗೆ ಹತ್ತುವ ಅರಿವೆಯು ಮೈಗೂ ತಣ್ಣಗಿರುವದೆಂದೂ ಬಹುಜನರು ತಿಳಿದಿರುತ್ತಾರೆ. ಅಂಗಡಿಯಲ್ಲಿ ಕೈಯಿಂದ ಸವರಿ, ನುಣುಪಾಗಿದೆಯೆಂದು ಮೆಚ್ಚಿ ತಂದ ಸೀರೆಯು ಚೈತ್ರದ ಮಧ್ಯಾಹ್ನದಲ್ಲಿ ಮೈಗೆ ಅಂಟಿಕೊಂಡು ಉಸಿರುಕಟ್ಟಿಸಿದಾಗ, “ಈ ವರ್ಷ ಬಿಸಿಲು ಬಹಳ” ಎಂದು ಬಿಸಿಲನ್ನು ದೂರುವೆವೇ ಹೊರತು ಅರಿವೆಯನ್ನು ವಿಚಾರಿಸುವದಿಲ್ಲ. ಆದದ್ದರಿಂದ ಹೊಲಿಗೆಯ ತರಗತಿಯಲ್ಲಿ ಸೂಜಿ ಹಿಡಿಯುವ ವಿದ್ಯಾರ್ಥಿನಿಯರೂ ಮನೆಗೆ ಅರಿವೆ ಕೊಳ್ಳುವ ತಾಯಂದಿರೂ ತಿಳಿದುಕೊಳ್ಳತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದೆ.

ಖಾನಾಪುರ ತಾಲೂಕಿಗೆ ಬೇಸಿಗೆಯು ಎರಡು ತೆರನಾಗಿ ಬರುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ, ಜಾಂಬೋಟಿಯ ಅಡವಿಯ ಸುತ್ತಿನಲ್ಲಿ, ನೆರಳೂ ಉಂಟು, ಗಾಳಿಯಲ್ಲಿ ಪಸೆಯೂ ಉಂಟು. ಮೂಡಲಿಗೆ ಪಾರಿಶ್ವಾಡ, ಇಟಗಿಗಳ ಕಡೆಗೆ ಬಂದರೆ ಅಡವಿಯು ಹಿಂದುಳಿದು ಬಯಲು ತೆರೆದುಕೊಳ್ಳುವದು. ಇನ್ನೂ ಮುಂದೆ ಹೋದರೆ ಬೈಲಹೊಂಗಲದ ಎರೆಭೂಮಿ, ಹತ್ತಿಯ ಸೀಮೆ. ಬೆಳಗಾವಿಯು ಸಮುದ್ರಮಟ್ಟಕ್ಕಿಂತ ಸುಮಾರು 2500 ಅಡಿ ಎತ್ತರದಲ್ಲಿರುವದರಿಂದ ಇಲ್ಲಿಯ ಬೇಸಿಗೆಯು ಕಲಬುರಗಿ, ರಾಯಚೂರುಗಳ ಬೇಸಿಗೆಯಷ್ಟು ಉಗ್ರವಲ್ಲವೆಂಬದು ನಿಜ. ಆದರೂ ಏಪ್ರಿಲ್ ತಿಂಗಳಿನ ಮಧ್ಯಾಹ್ನಗಳಲ್ಲಿ ಉಷ್ಣಮಾನವು 35 ಅಂಶ ಸೆಂಟಿಗ್ರೇಡನ್ನು ಮುಟ್ಟುವದು, ಹಲವು ದಿನ ದಾಟುವದು. ಈ 35 ಎಂಬ ಅಂಕಿಯನ್ನು ನೆನಪಿನಲ್ಲಿಡಬೇಕು. ಯಾಕೆಂದರೆ ನಮ್ಮ ಚರ್ಮದ ಉಷ್ಣಮಾನವೂ ಹೆಚ್ಚು ಕಡಿಮೆ ಅಷ್ಟೇ.

ನಮ್ಮ ದೇಹವು ಹಗಲಿರುಳೂ ಶಾಖವನ್ನು ಹುಟ್ಟಿಸುತ್ತಲೇ ಇರುವದು. ಆ ಶಾಖವು ಹೊರಗೆ ಹೋಗಲೇಬೇಕು. ಸುತ್ತಲಿನ ಗಾಳಿಯು ಚರ್ಮಕ್ಕಿಂತ ತಣ್ಣಗಿರುವ ವರೆಗೆ ಅದು ತಾನಾಗಿಯೇ ಗಾಳಿಗೆ ಹೋಗುತ್ತದೆ. ಗಾಳಿಯೇ ಚರ್ಮದಷ್ಟು ಬಿಸಿಯಾದರೆ ಆ ದಾರಿಯು ಮುಚ್ಚಿತು. ಆಗ ಉಳಿಯುವ ದಾರಿಯೊಂದೇ: ಬೆವರು ಆರುವದು. ಇಲ್ಲಿ “ಆರುವದು” ಎಂಬ ಮಾತೇ ಮುಖ್ಯ. ಒಂದು ಲೀಟರು ನೀರನ್ನು 20 ಅಂಶದಿಂದ ಕುದಿಯುವ ವರೆಗೆ ಕಾಯಿಸಲು 80 ಕಿಲೊಕ್ಯಾಲೊರಿ ಶಾಖವು ಬೇಕು. ಅಷ್ಟೇ ಬೆವರು ಚರ್ಮದ ಮೇಲಿನಿಂದ ಆವಿಯಾಗಿ ಹೋದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ದೇಹದಿಂದ ಒಯ್ಯುವದು, ಅಂದರೆ ಏಳು ಪಟ್ಟು. ಆದರೆ ಆವಿಯಾಗದೆ ಬೆನ್ನಿನ ಮೇಲಿಂದ ಇಳಿದು ಹೋದ ಬೆವರಿನಿಂದ ದೇಹಕ್ಕೆ ಏನೂ ಲಾಭವಿಲ್ಲ. ಶರೀರದ ನೀರೂ ಉಪ್ಪೂ ವ್ಯರ್ಥವಾಗಿ ಖರ್ಚಾದವು, ಅಷ್ಟೇ. ಹೀಗಿರುವಲ್ಲಿ ಬೇಸಿಗೆಯ ಅರಿವೆಗೆ ಕೇಳತಕ್ಕ ಪ್ರಶ್ನೆಯು “ನೀನು ತೆಳ್ಳಗಿದ್ದೀಯಾ?” ಎಂಬದಲ್ಲ, “ನನ್ನ ಬೆವರನ್ನು ಆರಗೊಡುತ್ತೀಯಾ?” ಎಂಬದು.

ಖಾನಾಪುರದ ಮಣ್ಣಿನ ಗಡಿಗೆಗಳನ್ನು ಅರಿಯದವರು ಈ ಭಾಗದಲ್ಲಿ ಯಾರೂ ಇರಲಿಕ್ಕಿಲ್ಲ. ಅಲ್ಲಿಯ ಗಡಿಗೆಯಲ್ಲಿ ತುಂಬಿದ ನೀರು ಎರಡು ತಾಸಿನಲ್ಲಿ ತಣ್ಣಗಾಗುವದು. ಅದೇ ನೀರನ್ನು ಉಪ್ಪಿನಕಾಯಿಯ ಭರಣಿಯಲ್ಲಿ ತುಂಬಿಟ್ಟರೆ ತಣ್ಣಗಾಗುವದಿಲ್ಲ. ಎರಡೂ ಮಣ್ಣಿನವೇ. ಆದರೆ ಗಡಿಗೆಯ ಮೈಯಲ್ಲಿ ಸೂಕ್ಷ್ಮವಾದ ರಂಧ್ರಗಳುಂಟು; ನೀರು ಅವುಗಳೊಳಗಿಂದ ಹೊರಮೈಗೆ ಜಿನುಗಿ, ಗಾಳಿಗೆ ಆರಿ, ಒಳಗಿನ ಶಾಖವನ್ನು ಒಯ್ಯುವದು. ಭರಣಿಗೆ ಗಾಜಿನಂಥ ಲೇಪವಿರುವದರಿಂದ ನೀರು ಹೊರಗೆ ಬಾರದು. ಒಳ್ಳೆಯ ಬೇಸಿಗೆಯ ಅರಿವೆಯು ಗಡಿಗೆಯ ಜಾತಿಯದು. ಅದು ಚರ್ಮದ ಮೇಲಿನ ಪಸೆಯನ್ನು ತಾನು ಹೀರಿ ತನ್ನ ಹೊರಮೈಯಲ್ಲಿ ಹರಡಿ ಗಾಳಿಗೆ ಒಪ್ಪಿಸುವದು.

ಯಾವ ನೂಲು ಎಷ್ಟು ಪಸೆಯನ್ನು ಹೀರುವದೆಂಬದನ್ನು ಶಾಸ್ತ್ರಜ್ಞರು ತೂಕ ಮಾಡಿ ಹೇಳಿದ್ದಾರೆ. ಪೂರ್ತಿ ಒಣಗಿಸಿದ ನೂಲನ್ನು ಸಾಧಾರಣ ಪಸೆಯುಳ್ಳ ಗಾಳಿಯಲ್ಲಿಟ್ಟರೆ, 100 ತೊಲೆ ಹತ್ತಿಯ ನೂಲು ಸುಮಾರು 8½ ತೊಲೆ ನೀರನ್ನು ಗಾಳಿಯಿಂದಲೇ ಎಳೆದುಕೊಳ್ಳುವದು. ರೇಷ್ಮೆಯು 11 ತೊಲೆ, ಅಗಸೆಯ ನಾರು ಸುಮಾರು 12, ಮರದ ತಿರುಳಿನಿಂದ ಮಾಡುವ ರೇಯಾನು 13, ಉಣ್ಣೆಯು 16ರ ವರೆಗೆ. ನೈಲಾನು 4 ತೊಲೆ. ಪಾಲಿಎಸ್ಟರು ಅರ್ಧ ತೊಲೆಯೂ ಇಲ್ಲ. 1941ರಲ್ಲಿ ಇಂಗ್ಲಂಡಿನಲ್ಲಿ ವಿನ್‌ಫೀಲ್ಡ್, ಡಿಕ್ಸನ್ ಎಂಬಿಬ್ಬರು ಕಂಡುಹಿಡಿದ ಈ ನೂಲು ಇಂದು ಲೋಕದ ಅರಿವೆಗಳಲ್ಲಿ ಹತ್ತಿಗಿಂತಲೂ ಹೆಚ್ಚು ಪಾಲನ್ನು ಆಕ್ರಮಿಸಿಕೊಂಡಿದೆ. ಕಲ್ಲೆಣ್ಣೆಯಿಂದ ಹುಟ್ಟಿದ್ದಾದ್ದರಿಂದ ಅದಕ್ಕೂ ನೀರಿಗೂ ಸ್ನೇಹವಿಲ್ಲ.

ಅಗಸೆಯ ನಾರೆಂದರೆ ಲಿನನ್ ಅರಿವೆಯ ನೂಲು. ನಾವು ರೊಟ್ಟಿಯ ಸಂಗಡ ತಿನ್ನುವ ಅಗಸೆಯ ಚಟ್ನಿಪುಡಿಯೂ ಆ ನುಣುಪಾದ ಬೆಲೆಯುಳ್ಳ ಅರಿವೆಯೂ ಒಂದೇ ಗಿಡದ ಸಂತಾನವೆಂದು ಹೇಳಿದರೆ ಕೆಲವರಿಗೆ ಆಶ್ಚರ್ಯವಾಗಬಹುದು. ನಮ್ಮ ಹೊಲಗಳಲ್ಲಿ ಬೆಳೆಯುವದು ಕುಳ್ಳಾಗಿ ಟೊಂಗೆಯೊಡೆದು ಬೀಜ ಕೊಡುವ ಜಾತಿ. ತಂಪುದೇಶಗಳಲ್ಲಿ ನಾರಿಗಾಗಿ ಬೆಳೆಯುವದು ಎತ್ತರವಾದ ಜಾತಿ. ಅದರ ಅರಿವೆಯು ಬೇಸಿಗೆಗೆ ಅತ್ಯುತ್ತಮವೆಂಬದರಲ್ಲಿ ಸಂಶಯವಿಲ್ಲ. ಆದರೆ ಬೆಲೆಯನ್ನು ಕೇಳಿದರೆ ಬೆವರು ಬರುವದು.

ಉಣ್ಣೆಯು 16 ತೊಲೆ ನೀರನ್ನು ಹೀರುವದಾದರೆ ಬೇಸಿಗೆಗೆ ಅದನ್ನೇ ಯಾಕೆ ಉಡಬಾರದು? ಎಂದು ಬುದ್ಧಿವಂತಳಾದ ವಿದ್ಯಾರ್ಥಿನಿಯು ಕೇಳಬಹುದು. ಹೀರುವದೊಂದೇ ಸಾಲದು, ಹೀರಿದ್ದನ್ನು ಬೇಗ ಬಿಟ್ಟುಕೊಡಬೇಕು, ನಡುವೆ ಗಾಳಿಯನ್ನೂ ಬಿಡಬೇಕು. ಉಣ್ಣೆಯ ಗುಂಗುರು ಎಳೆಗಳ ನಡುವೆ ನಿಂತ ಗಾಳಿಯು ಶಾಖವನ್ನು ತಡೆಯುವದು. ಕುರಿಗಾಹಿಗಳು ಸುಡುಬಿಸಿಲಿನಲ್ಲಿಯೂ ಕಂಬಳಿಯ ಕೊಪ್ಪೆಯನ್ನು ತಲೆಗೆ ಹಾಕಿಕೊಳ್ಳುತ್ತಾರಲ್ಲಾ ಎಂದರೆ, ಅವರು ಅದನ್ನು ಮೈಗೆ ಸುತ್ತಿಕೊಳ್ಳುವದಿಲ್ಲ, ನೆರಳಿನ ಹಾಗೆ ಮೇಲೆ ಹಿಡಿಯುತ್ತಾರೆ. ಅದು ಉಡುಪಿನ ಕೆಲಸವಲ್ಲ, ಕೊಡೆಯ ಕೆಲಸ.

ಹತ್ತಿಗೆ ಈ ಎಲ್ಲ ಗುಣಗಳೂ ಹದವಾಗಿ ಕೂಡಿಬಂದಿವೆ. ಅದರ ಒಂದು ಎಳೆಯನ್ನು ಸೂಕ್ಷ್ಮದರ್ಶಕದಿಂದ ನೋಡಿದರೆ ಹೊರಳಿಸಿದ ಚಪ್ಪಟೆ ಲಾಡಿಯಂತೆ ಕಾಣುವದು. ಹೀಗೆ ಹೊರಳಿರುವದರಿಂದ ಎಳೆಗಳು ಒಂದಕ್ಕೊಂದು ಒತ್ತಾಗಿ ಹೊಂದದೆ ನಡುವೆ ಸಂದುಗಳು ಉಳಿಯುತ್ತವೆ. ಬತ್ತಿಯಲ್ಲಿ ಎಣ್ಣೆ ಏರುವಂತೆ ಆ ಸಂದುಗಳಲ್ಲಿ ಬೆವರು ಏರಿ ಹರಡುವದು.

ಇನ್ನು ನೇಯ್ಗೆಯ ವಿಷಯ. ಹತ್ತಿಯದೆಂದ ಮಾತ್ರಕ್ಕೆ ಎಲ್ಲವೂ ತಂಪಲ್ಲ. ಜೀನ್ಸಿನ ಅರಿವೆಯೂ ಹತ್ತಿಯದೇ, ಮಲ್‌ಮಲ್ಲೂ ಹತ್ತಿಯದೇ. ಮೇ ತಿಂಗಳಿನಲ್ಲಿ ಇವೆರಡನ್ನೂ ಒಂದೇ ಎನ್ನುವವರಾರು? ನೂಲಿನ ನಯವನ್ನು ನಂಬರಿನಿಂದ ಎಣಿಸುತ್ತಾರೆ. 840 ಗಜದ ಒಂದು ಲಡಿಯು ಒಂದು ಪೌಂಡು ತೂಗಿದರೆ ಅದು 1ನೆಯ ನಂಬರಿನ ನೂಲು; ಒಂದು ಪೌಂಡಿನಲ್ಲಿ ಅಂಥ 40 ಲಡಿಗಳಾದರೆ 40ನೆಯ ನಂಬರು, ಅಂದರೆ 33,600 ಗಜ, ಹತ್ತೊಂಬತ್ತು ಮೈಲಿಗಿಂತ ಹೆಚ್ಚು ಉದ್ದ! ನಂಬರು ಏರಿದಷ್ಟು ನೂಲು ಸಣ್ಣ. ಆದರೆ ಸಣ್ಣ ನೂಲನ್ನು ಒತ್ತಾಗಿ ನೇಯ್ದರೆ ಗಾಳಿಯಾಡದ ಅರಿವೆಯಾಗುವದು. ಕೊಡೆಯ ಅರಿವೆಯು ತೆಳ್ಳಗಿಲ್ಲವೇ? ಸ್ವಲ್ಪ ದಪ್ಪನಾದ ನೂಲನ್ನು ಸಡಿಲವಾಗಿ ನೇಯ್ದ ಕೈಮಗ್ಗದ ಅರಿವೆಯಲ್ಲಿ ಗಾಳಿಯು ಸಲೀಸಾಗಿ ಆಡುವದು. ಕೈಯಿಂದ ನೂತ ಖಾದಿಯ ಗುಟ್ಟೂ ಇದೇ. ಅದರ ನೂಲು ಒಂದೇ ಸಮನಾಗಿರದೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ ಇರುವದರಿಂದ ನೇಯ್ಗೆಯಲ್ಲಿ ಕಂಡಿಗಳು ಉಳಿಯುತ್ತವೆ, ಅರಿವೆಯು ಚರ್ಮಕ್ಕೆ ಪೂರ್ತಿ ಅಂಟದೆ ಅಲ್ಲಲ್ಲಿ ಮಾತ್ರ ತಾಗುವದು.

ಖಾದಿಯ ಮಾತು ಬಂದಾಗ ನಮ್ಮ ಜಿಲ್ಲೆಯನ್ನು ನೆನೆಯದಿರುವದು ಹ್ಯಾಗೆ? 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನವು, ಸದಸ್ಯರಾಗುವವರು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂಬ ನಿಯಮವನ್ನು ಒಪ್ಪಿಕೊಂಡಿತು. ಆ ಅಧಿವೇಶನಕ್ಕಾಗಿ ದುಡಿದ ಗಂಗಾಧರರಾವ್ ದೇಶಪಾಂಡೆಯವರ ಹುದಲಿ ಗ್ರಾಮವು ಖಾದಿಗೆ ಹೆಸರಾಯಿತು. 1937ರಲ್ಲಿ ಗಾಂಧಿಯವರು ಆ ಊರಿಗೂ ಬಂದಿದ್ದರು. ಅಂದು ಖಾದಿಯನ್ನು ಉಟ್ಟವರು ತಂಪಿಗಾಗಿ ಉಡಲಿಲ್ಲವೆಂಬದು ಬೇರೆ ಮಾತು.

ನಮ್ಮ ಹಿರಿಯ ಹೆಣ್ಣುಮಕ್ಕಳು ಈ ಶಾಸ್ತ್ರವನ್ನು ಓದದೆಯೇ ಬಲ್ಲವರಾಗಿದ್ದರೆಂಬದಕ್ಕೆ ಇಳಕಲ್ಲಿನ ಸೀರೆಯೇ ಸಾಕ್ಷಿ. ಹಳೆಯ ಪದ್ಧತಿಯ ಇಳಕಲ್ ಸೀರೆಯಲ್ಲಿ ಮೈಗೆ ತಾಗುವ ಒಡಲು ಹತ್ತಿಯದು. ನಾಲ್ಕು ಜನರಿಗೆ ಕಾಣುವ ಸೆರಗು ರೇಷ್ಮೆಯದು. ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿಕೊಂಡಿಯಾಗಿ ಸೇರಿಸುವ ಟೋಪತೆನೆ ಎಂಬ ಕೆಲಸವು ಆ ಊರಿನ ನೇಕಾರರ ವೈಶಿಷ್ಟ್ಯ. ಸೊಬಗು ಎಲ್ಲಿ ಬೇಕೋ ಅಲ್ಲಿ ರೇಷ್ಮೆ, ಸುಖ ಎಲ್ಲಿ ಬೇಕೋ ಅಲ್ಲಿ ಹತ್ತಿ! ಗುಳೇದಗುಡ್ಡದ ಖಣದ ಕುಪ್ಪಸಕ್ಕೆ ಒಳಗಿನಿಂದ ಹತ್ತಿಯ ಅಸ್ತರವನ್ನು ಹಚ್ಚಿ ಹೊಲಿಯುವದೂ ಇದೇ ವಿವೇಕದಿಂದ. ಇಂದು ಇಳಕಲ್ ಸೀರೆಯೆಂದೂ ಖಣವೆಂದೂ ಸಂತೆಯಲ್ಲಿ ದೊರಕುವದರಲ್ಲಿ ಪಾಲಿಎಸ್ಟರಿನದೂ ಬಹಳವಿದೆ. ಅಂಚು ಅದೇ, ಬಣ್ಣ ಅದೇ. ಆದರೆ ಒಡಲು ಭರಣಿಯ ಜಾತಿಯದು. ಬೆಳಗಾವಿಯ ಶಹಾಪುರ, ವಡಗಾವಿ, ಖಾಸಬಾಗಗಳ ಮಗ್ಗಗಳ ಮೇಲೂ ಕೃತಕ ನೂಲಿನ ಸೀರೆಗಳು ಹೇರಳವಾಗಿ ನೇಯಲ್ಪಡುತ್ತವೆ. ಇದಕ್ಕಾಗಿ ನೇಕಾರರನ್ನು ದೂರುವದು ನ್ಯಾಯವಲ್ಲ. ಆ ನೂಲು ವಿದ್ಯುತ್ತಿನ ಮಗ್ಗದ ಎಳೆತಕ್ಕೆ ಸುಲಭವಾಗಿ ಹರಿಯುವದಿಲ್ಲ, ಸೀರೆಯ ಬೆಲೆಯೂ ಇಳಿಯುವದು. ಕೊಳ್ಳುವವರು ಕೇಳಿದ್ದನ್ನು ಅವರು ನೇಯುತ್ತಾರೆ.

ಕೊಳ್ಳುವವರನ್ನೂ ಅವಿವೇಕಿಗಳೆನ್ನಲಾಗದು. ಒಂದು ಕೊಡ ನೀರಿನಲ್ಲಿ ತೊಳೆದು ಹಾಕಿದ ಪಾಲಿಎಸ್ಟರ್ ಸೀರೆಯು ಒಂದು ತಾಸಿನಲ್ಲಿ ಒಣಗುವದು, ಇಸ್ತ್ರಿಯನ್ನು ಬೇಡುವದಿಲ್ಲ, ಬಣ್ಣ ಬಿಡುವದಿಲ್ಲ, ವರ್ಷಗಟ್ಟಲೆ ಬಾಳುವದು. ಜುಲೈ ತಿಂಗಳಿನಲ್ಲಿ ಖಾನಾಪುರದ ಮಳೆಗೆ ನಾಲ್ಕು ದಿನವಾದರೂ ಒಣಗದ ಹತ್ತಿಯ ಸೀರೆಯನ್ನು ಒಲೆಯ ಮೇಲೆ ತೂಗಹಾಕಿ ಹೊಗೆಯ ವಾಸನೆ ಹಿಡಿಸಿಕೊಂಡವರಿಗೆ ಇದರ ಬೆಲೆಯು ತಿಳಿದಿದೆ. ಹೊಲಕ್ಕೆ ಹೋಗುವ ಬಡ ಹೆಣ್ಣುಮಗಳಿಗೆ “ನೀನು ಹತ್ತಿಯನ್ನೇ ಉಡು” ಎಂದು ಬೋಧಿಸುವದು ಸುಲಭ; ಆ ಹಣವನ್ನು ಆಕೆಯು ಎಲ್ಲಿಂದ ತರಬೇಕು? ಆದರೆ ಬಿಸಿಲಿನಲ್ಲಿ ಅತಿ ಹೆಚ್ಚು ದುಡಿಯುವವಳೂ ಆಕೆಯೇ, ಬೆವರುಸಾಲೆಯಿಂದ ತೊಡೆಸಂದು, ಕಂಕುಳುಗಳಲ್ಲಿ ಉರಿ ಎದ್ದು ರಾತ್ರಿ ನಿದ್ದೆಗೆಡುವವಳೂ ಆಕೆಯೇ.

ಈ ತೊಡಕಿಗೆ ನನಗೆ ತೋಚುವ ಉಪಾಯವು ಹೀಗಿದೆ: ಹಣವು ಕಡಿಮೆಯಿದ್ದಾಗ ಅದನ್ನು ಒಳಗಿನಿಂದ ಹೊರಗೆ ಖರ್ಚು ಮಾಡಬೇಕು. ನಾವು ಸಾಮಾನ್ಯವಾಗಿ ಇದಕ್ಕೆ ತಿರುವುಮುರುವಾಗಿ ನಡೆಯುತ್ತೇವೆ. ಸೀರೆಗೆ ಸಾವಿರ ರೂಪಾಯಿ ಕೊಟ್ಟು, ಒಳಲಂಗಕ್ಕೆ ಅಂಗಡಿಯಲ್ಲಿ ಅತ್ಯಂತ ಅಗ್ಗವಾದ ಹೊಳಪಿನ ಅರಿವೆಯನ್ನು ಕೊಳ್ಳುತ್ತೇವೆ. ಚರ್ಮಕ್ಕೆ ತಾಗುವದು ಸೀರೆಯಲ್ಲ. ಒಳಲಂಗ, ಕುಪ್ಪಸ, ಒಳ ಉಡುಪುಗಳು. ಇವು ಶುದ್ಧ ಹತ್ತಿಯವಾಗಿದ್ದರೆ ಮೇಲಿನ ಸೀರೆಯು ಪಾಲಿಎಸ್ಟರಿನದಾಗಿದ್ದರೂ ಅರ್ಧ ಕಷ್ಟವು ಕಳೆಯುವದು, ಯಾಕೆಂದರೆ ಬೆವರನ್ನು ಹೀರಲು ಒಂದು ಪದರವಾದರೂ ಉಂಟು. ಸೀರೆಯು ಹತ್ತಿಯದಾಗಿ ಒಳಗಿನವು ನೈಲಾನಿನವಾದರೆ ಸೀರೆಯ ಹಣವು ಹೋದಂತೆಯೇ. ಶಾಲೆಗೆ ಹೋಗುವ ಹುಡುಗಿಯರ ಸಮವಸ್ತ್ರವು ಅನೇಕ ಕಡೆ ಟೆರಿಕಾಟಿನದಾಗಿರುತ್ತದೆ. ಅದನ್ನು ಬದಲಿಸುವದು ತಾಯಿಯ ಕೈಯಲ್ಲಿಲ್ಲ. ಆದರೆ ಅದರ ಕೆಳಗೆ ತೆಳುವಾದ ಹತ್ತಿಯ ಒಳಅಂಗಿಯನ್ನು ಹೊಲಿದುಕೊಡುವದು ತಾಯಿಯ ಕೈಯಲ್ಲಿದೆ. ಒಳಲಂಗಕ್ಕೆ ಸಣ್ಣ ಲಾಡಿಯನ್ನು ಬಿಗಿದು ಕಟ್ಟುವ ಬದಲು ಎರಡು ಬೆರಳು ಅಗಲದ ಪಟ್ಟಿಯನ್ನು ಹಚ್ಚಿರಿ. ಬಿಗಿದ ಲಾಡಿಯ ಕೆಳಗೆ ಬೆವರು ನಿಂತು ಚರ್ಮವು ಕಪ್ಪಾಗಿ ಕೆರೆದು ಹುಣ್ಣಾಗುವದನ್ನು ಬಹಳ ಜನ ಹೆಂಗಸರು ಯಾರಿಗೂ ಹೇಳದೆ ಸಹಿಸುತ್ತಾರೆ.

ಕೊಳ್ಳುವಾಗ ಮೋಸಹೋಗದಿರುವದು ಹ್ಯಾಗೆ? ಅಂಗಡಿಯವರು “ಕಾಟನ್ ಫಿನಿಶ್ ಅದರೀ ಅಕ್ಕಾರ, ಬಿಂದಾಸ್ ಒಯ್ರಿ” ಎನ್ನುತ್ತಾರೆ. ಕಾಟನ್ ಬೇರೆ, ಕಾಟನ್ ಫಿನಿಶ್ ಬೇರೆ. ಎರಡನೆಯದರಲ್ಲಿ ಹತ್ತಿಯ ತೋರಿಕೆಯು ಮಾತ್ರ ಇರಬಹುದು. ಅರಿವೆಯನ್ನು ಬೆಳಕಿಗೆ ಹಿಡಿದು ಕಂಡಿಗಳನ್ನು ನೋಡಿರಿ. ಬಾಯಿಗೆ ಹಿಡಿದು ಊದಿದರೆ ಆಚೆಯ ಕಡೆ ಅಂಗೈಗೆ ಉಸಿರು ತಾಗಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಹತ್ತಿಯು ಮುದುಡಿಯೇ ಉಳಿಯುವದು, ಪಾಲಿಎಸ್ಟರು ತಟ್ಟನೆ ಬಿಚ್ಚಿಕೊಳ್ಳುವದು. ಒಂದು ಹನಿ ನೀರನ್ನು ಹಾಕಿದರೆ ಹತ್ತಿಯ ಮೇಲೆ ಅದು ಹರಡಿಹೋಗುವದು. ಆದರೆ ಹೊಸ ಅರಿವೆಗೆ ಗಂಜಿ ಹಾಕಿರುವದರಿಂದ ಈ ಪರೀಕ್ಷೆಯು ಒಂದು ಸಲ ತೊಳೆದ ಬಳಿಕವೇ ಸರಿಯಾಗಿ ನಡೆಯುವದು. ಎಲ್ಲಕ್ಕಿಂತ ನಂಬತಕ್ಕದ್ದು ಬೆಂಕಿಯ ಪರೀಕ್ಷೆ. ಅರಿವೆಯ ತುದಿಯಿಂದ ಹಾಸಿನ ಒಂದು ಎಳೆಯನ್ನೂ ಹೊಕ್ಕಿನ ಒಂದು ಎಳೆಯನ್ನೂ ಬೇರೆ ಬೇರೆಯಾಗಿ ಎಳೆದುಕೊಳ್ಳಿರಿ. ಹಿರಿಯರ ಎದುರಿನಲ್ಲಿ, ತಟ್ಟೆಯ ಮೇಲೆ, ಇಕ್ಕಳದಿಂದ ಹಿಡಿದು ಸುಡಿರಿ. ಹತ್ತಿಯು ಕಾಗದದಂತೆ ಉರಿದು ಮೆತ್ತಗಿನ ಬೂದಿಯಾಗುವದು. ರೇಷ್ಮೆಯು ಕೂದಲು ಸುಟ್ಟ ವಾಸನೆಯನ್ನು ಕೊಡುವದು. ಪಾಲಿಎಸ್ಟರು ಕರಗಿ, ಕಪ್ಪು ಹೊಗೆಯನ್ನು ಬಿಟ್ಟು, ಗಟ್ಟಿಯಾದ ಮಣಿಯಾಗುವದು. ಎರಡೂ ಎಳೆಗಳನ್ನು ಸುಡಬೇಕೆಂದದ್ದು ಯಾಕೆಂದರೆ, ಹಾಸು ಪಾಲಿಎಸ್ಟರು, ಹೊಕ್ಕು ಹತ್ತಿ ಎಂಬ ಅರಿವೆಗಳೂ ಉಂಟು. ಕರಗಿದ ಆ ಮಣಿಯನ್ನು ನೋಡಿದವರಿಗೆ, ಒಲೆಯ ಮುಂದೆ ಅಂಥ ಸೀರೆಯು ಯಾಕೆ ಅಪಾಯವೆಂಬದನ್ನು ಬೇರೆ ಹೇಳಬೇಕಾಗಿಲ್ಲ. ಹತ್ತಿಗೂ ಬೆಂಕಿ ಹತ್ತುವದು ನಿಜ. ಆದರೆ ಅದು ಕರಗಿ ಚರ್ಮಕ್ಕೆ ಅಂಟುವದಿಲ್ಲ.

ಆಟಗಾರರು ಪಾಲಿಎಸ್ಟರಿನ ಅಂಗಿಯನ್ನೇ ತೊಡುತ್ತಾರಲ್ಲಾ ಎಂಬ ಆಕ್ಷೇಪಣೆಯು ನ್ಯಾಯವಾದದ್ದು. ಆ ಅಂಗಿಗಳ ನೂಲು ಬೇರೆ ತೆರನಾದದ್ದು. ಅತಿ ಸೂಕ್ಷ್ಮವಾದ, ಮೈಯಲ್ಲಿ ಗೀರುಗಳುಳ್ಳ ಎಳೆಗಳನ್ನು ಜಾಳಾಗಿ ಹೆಣೆದು, ಬೆವರು ಆ ಗೀರುಗಳಲ್ಲಿ ಹರಿದು ಹೊರಮೈಗೆ ಬರುವಂತೆ ಮಾಡಿರುತ್ತಾರೆ. ಓಡುವವನ ಮೈಗೆ ಗಾಳಿಯೂ ಬೀಸುವದು. ಸಂತೆಯ ಹೊಳಪಿನ ಸೀರೆಗೆ ಆ ಮರ್ಯಾದೆಯು ಸಲ್ಲದು.

ಬಣ್ಣದ ವಿಷಯದಲ್ಲಿ ಜನರು ತಿಳಿದಷ್ಟು ಭೇದವಿಲ್ಲ. ಅರಬ್ಬೀ ಮರುಭೂಮಿಯ ಬೆದೂಯಿನ್ ಜನರು ಕಪ್ಪು ನಿಲುವಂಗಿಯನ್ನು ತೊಡುವದನ್ನು ಕಂಡು ಕೆಲವು ಶಾಸ್ತ್ರಜ್ಞರು ಅಳೆದು ನೋಡಿ 1980ರಲ್ಲಿ ಪ್ರಕಟಿಸಿದರು: ಕಪ್ಪು ಅಂಗಿಯು ಹೆಚ್ಚು ಶಾಖವನ್ನು ಹೀರುವದು ನಿಜ, ಆದರೆ ಅಂಗಿಯು ಸಡಿಲವಾಗಿರುವದರಿಂದ ಆ ಹೆಚ್ಚಿನ ಶಾಖವು ಚರ್ಮವನ್ನು ಮುಟ್ಟುವದರೊಳಗೆ ಗಾಳಿಗೆ ಹೋಗಿಬಿಡುವದು. ಅಂದರೆ ಬಣ್ಣಕ್ಕಿಂತ ಸಡಿಲು ಮುಖ್ಯ. ಬಿಗಿಯಾದ ತೆಳು ಅಂಗಿಗೆ ಮಾತ್ರ ತಿಳಿಬಣ್ಣವೇ ಲೇಸು. ನಮ್ಮಲ್ಲಿ ಕರಿಯ ಚಂದ್ರಕಾಳಿ ಸೀರೆಯನ್ನು ಸಂಕ್ರಮಣದ ಚಳಿಯಲ್ಲಿ ಉಡುವ ರೂಢಿಯುಂಟು. ಬೇಸಿಗೆಗೆ ಅದನ್ನು ಪೆಟ್ಟಿಗೆಯಲ್ಲಿಡುತ್ತಾರೆ. ಸಡಿಲಾದ ಉಡುಪಿನಲ್ಲಿ ನಡೆದಾಡಿದರೆ ಅದು ತಿದಿಯಂತೆ ಗಾಳಿಯನ್ನು ಒಳಗೆ ಎಳೆದು ಹೊರಗೆ ನೂಕುವದು. ಕಣಕುಂಬಿಯ ಕಡೆಯ ಪಸೆಯುಳ್ಳ ಗಾಳಿಯಲ್ಲಿ, ಘಟ್ಟದ ಕೆಳಗೆ ಕಾರವಾರ, ಗೋವೆಗಳಲ್ಲಿ, ಬೆವರು ಆರುವದೇ ನಿಧಾನವಾದ್ದರಿಂದ ಈ ಸಡಿಲು ಇನ್ನಷ್ಟು ಅವಶ್ಯ. ಪಾರಿಶ್ವಾಡದ ಬಯಲಿನ ಒಣಬಿಸಿಲಿನಲ್ಲಿ ಅದರ ಜೊತೆಗೆ ಮೈಮುಚ್ಚುವದೂ ಬೇಕು. ತೋಳಿಲ್ಲದ ಕುಪ್ಪಸಕ್ಕಿಂತ ಮೊಣಕೈ ವರೆಗಿನ ಸಡಿಲ ತೋಳು ಹೊಲದಲ್ಲಿ ಹೆಚ್ಚು ತಂಪು. ತಲೆಯ ಮೇಲೆ ಒದ್ದೆಮಾಡಿದ ಹತ್ತಿಯ ಟವೆಲನ್ನು ಹಾಕಿಕೊಂಡು ಕಳೆ ಕೀಳುವವರು ಖಾನಾಪುರದ ಗಡಿಗೆಯ ತಂತ್ರವನ್ನೇ ನಡಿಸುತ್ತಾರೆ.

ಗಂಜಿಯ ವಿಷಯದಲ್ಲಿ ಎರಡು ಮಾತು. ದಪ್ಪವಾದ ಗಂಜಿಯು ಕಂಡಿಗಳನ್ನೆಲ್ಲ ಮುಚ್ಚಿ ಗಡಿಗೆಯನ್ನು ಭರಣಿಯನ್ನಾಗಿ ಮಾಡುವದು. ತೆಳುವಾದ ಅಕ್ಕಿಯ ತಿಳಿಯಲ್ಲಿ ಅದ್ದಿದರೆ ಮಾತ್ರ ಅರಿವೆಯು ಸ್ವಲ್ಪ ಸೆಟೆದು ಮೈಯಿಂದ ದೂರ ನಿಲ್ಲುವದು; ಅದು ಬೇಸಿಗೆಗೆ ಹಿತ. ಸುಗಂಧಕ್ಕೂ ಮೃದುತ್ವಕ್ಕೂ ಎಂದು ಈಗ ಮಾರುವ ದ್ರವಗಳು ನೂಲಿನ ಮೇಲೆ ಜಿಡ್ಡಿನಂಥ ಪದರವನ್ನು ಬಿಟ್ಟು ಹೀರುವ ಗುಣವನ್ನು ಕುಂದಿಸುತ್ತವೆ. ಬೇಸಿಗೆಯ ಅರಿವೆಗೆ ಅವು ಬೇಡ. ಹತ್ತಿಯ ಸೀರೆಯು ತೊಳೆದಷ್ಟೂ ಮೆತ್ತಗಾಗಿ ಹೆಚ್ಚು ಹೀರುವದು. ಉಟ್ಟು ಸವೆದು ಇನ್ನು ಉಡಲಾಗದೆಂಬಾಗ ಅಂಥ ನಾಲ್ಕಾರು ಸೀರೆಗಳನ್ನು ಪದರಪದರವಾಗಿ ಹಾಸಿ ದಾರ ಹಾಕಿ ಕೌದಿಯನ್ನು ಹೊಲಿಯುತ್ತಾರೆ. ಖಾನಾಪುರದ ಅಡವಿಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಬಣ್ಣದ ತುಂಡುಗಳ ಕೌದಿಗಳನ್ನು ದೂರದ ಊರಿನವರೂ ಮೆಚ್ಚಿ ಕೊಳ್ಳುತ್ತಾರೆ. ಪಾಲಿಎಸ್ಟರ್ ಸೀರೆಗಳಿಂದ ಹೊಲಿದ ಕೌದಿಯ ಪದರಗಳು ಒಂದರ ಮೇಲೊಂದು ಜಾರುತ್ತವೆ, ಅದರ ಮೇಲೆ ಮಲಗಿದ ಕೂಸು ಬೇಸಿಗೆಯ ರಾತ್ರಿಯಲ್ಲಿ ಬೆನ್ನೆಲ್ಲ ಬೆವತು ಅಳುವದು. ಕೂಸಿನ ಕೌದಿಗೆಂದಾದರೂ ಮನೆಯಲ್ಲಿ ಎರಡು ಹತ್ತಿಯ ಸೀರೆಗಳನ್ನು ಇಟ್ಟುಕೊಂಡಿರಬೇಕು.